ಪದ ಪರಿಚಯ: ವ್ಯೂಹ

'ಊಹ್' ಧಾತುವಿಗೆ 'ವಿ' ಉಪಸರ್ಗವು ಸೇರಿ ಸಿದ್ಧಿಸಿದ ಈ ತತ್ಸಮಕ್ಕೆ ವಿಂಗಡಿಸಿ ಕ್ರಮದಿಂದ ನಿಲ್ಲಿಸುವುದೆಂಬುದು ಮೂಲಾರ್ಥ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮುದ್ರಿಸಿ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರವು, ಸೇನೆಯ ಮಧ್ಯಭಾಗವನ್ನು ಉರಸ್ಯವೆಂದೂ ಇಕ್ಕೆಲಗಳನ್ನು ಪಕ್ಷಗಳೆಂದೂ ಹಿಂದೆ ಕಾಯ್ದಿರಿಸಿದ ಪಡೆಯನ್ನು ಪ್ರತಿಗ್ರಹವೆಂದೂ ಹೆಸರಿಸಿ, ಅರಸನು 200 ಬಿಲ್ಲಳತೆಯಷ್ಟು ಹಿಂದೆ ಆ ಪ್ರತಿಗ್ರಹದೊಡನೆ ನಿಂತು ಚದುರಿದವರನ್ನು ಒಗ್ಗೂಡಿಸತಕ್ಕದ್ದೆಂದೂ, ಅದಿಲ್ಲದೆ ಯುದ್ಧಕ್ಕಿಳಿಯಕೂಡದೆಂದೂ ವಿಧಿಸುತ್ತದೆ. ಇಂದು ವಾಣಿಜ್ಯದ ಬರೆಹಗಳಲ್ಲಿಯೂ ವ್ಯೂಹರಚನೆಯೆಂಬ ಪ್ರಯೋಗವು ರೂಢವಾಗಿದೆಯಾದರೂ, ಪ್ರತಿಸ್ಪರ್ಧಿಯ ಮೇಲೆ ಏರಿಹೋಗುವ ಉಪಾಯವೆಂಬಷ್ಟಕ್ಕೇ ಅದರ ಅರ್ಥವು ಸಂಕುಚಿತವಾಗಿರುವುದು ಶೋಚನೀಯ. ಏಕೆಂದರೆ ಹೊಸ ಶಾಖೆಗೆ ಹಣವನ್ನೆಲ್ಲ ಸುರಿದು, ಸಾಲದ ಕಂತಿಗೂ ನೌಕರರ ಸಂಬಳಕ್ಕೂ ಮೀಸಲು ನಿಧಿಯನ್ನಿರಿಸದ ಉದ್ಯಮಿಯು ಪ್ರತಿಗ್ರಹವಿಲ್ಲದೆ ದಂಡೆತ್ತಿದ ಅರಸನೇ ಸರಿ. ಅಂಥದನ್ನು ಸಾಹಸವೆನ್ನಬಹುದು, ವ್ಯೂಹವೆನ್ನಲಾಗದು.