ಯೂನಿಕ್ಸ್, ವಿಂಡೋಸ್ ಮತ್ತು ಜಾಲಭಾಷೆಯ ಒಡೆತನ

ವಿಂಡೋಸ್ ಜಾಲಗಳ ನಿರ್ವಾಹಕರಲ್ಲಿ ಯೂನಿಕ್ಸ್ ಪರಕೀಯವೆಂಬ ಭಾವನೆಯುಂಟು. ಇತಿಹಾಸವನ್ನು ನೋಡಿದರೆ ನಾವು ಇದನ್ನು ಒಪ್ಪಲಾರೆವು. 1983ರಲ್ಲಿ ಬರ್ಕ್ಲಿ ವಿಶ್ವವಿದ್ಯಾನಿಲಯವು ತನ್ನ ಯೂನಿಕ್ಸಿನೊಡನೆ ಹಂಚಿದ ಟಿಸಿಪಿ/ಐಪಿ ನಿಯಮಾವಳಿಯೇ ಇಂದು ವಿಂಡೋಸಿಗೂ ಆಧಾರ. 2000ದಲ್ಲಿ ಬಂದ ಆಕ್ಟಿವ್ ಡೈರೆಕ್ಟರಿಯು ಬಳಕೆದಾರರ ಗುರುತನ್ನು ಪರೀಕ್ಷಿಸಲು ಅವಲಂಬಿಸಿದ ಕರ್ಬರೋಸ್ ಹುಟ್ಟಿದುದು ಎಂಐಟಿ ವಿದ್ಯಾಸಂಸ್ಥೆಯಲ್ಲಿ.

ಆದರೆ ವಿಂಡೋಸಿನಲ್ಲಿ ಕಡತಗಳನ್ನು ಹಂಚುವ ಎಸ್‌ಎಂಬಿ ನಿಯಮಗಳ ಪೂರ್ಣ ವಿವರವು ಬಹುಕಾಲ ಹೊರಗಿನವರಿಗೆ ದೊರೆಯಲಿಲ್ಲ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಅವರು ತಂತಿಯಲ್ಲಿ ಹರಿಯುವ ಸಂದೇಶಗಳನ್ನೇ ಪರಿಶೀಲಿಸಿ, 1992ರಲ್ಲಿ ಆರಂಭವಾದ ‘ಸಾಂಬಾ’ ತಂತ್ರಾಂಶದ ಮೂಲಕ ಯೂನಿಕ್ಸಿಗೆ ಆ ಭಾಷೆಯನ್ನು ಕಲಿಸಿದರು. ವಿವರಗಳನ್ನು ಪ್ರಕಟಪಡಿಸುವಂತೆ ಐರೋಪ್ಯ ಆಯೋಗವು 2004ರಲ್ಲಿ ಮೈಕ್ರೋಸಾಫ್ಟಿಗೆ ಆಜ್ಞಾಪಿಸಿತು. 2007ರಲ್ಲಿ ನ್ಯಾಯಾಲಯವು ಅದನ್ನು ಎತ್ತಿಹಿಡಿದ ಬಳಿಕವೇ ಸಾಂಬಾ ತಂಡಕ್ಕೆ ದಾಖಲೆಗಳು ದೊರೆತವು.

ಇಬ್ಬರು ಆಡುವ ಭಾಷೆ ಒಬ್ಬರ ಸ್ವತ್ತಾಗಬಾರದೆಂಬುದೇ ಈ ಚರಿತ್ರೆಯಿಂದ ನಾವು ಗ್ರಹಿಸಬೇಕಾದ ತಾತ್ಪರ್ಯ.