ಮಂಜಿನ ನಾಡಿನಲ್ಲಿ ತಿಥಿಗಣನೆ

ಹಾಸನ ಜಿಲ್ಲೆಯ ಪಶ್ಚಿಮದಂಚಿನಲ್ಲಿರುವ ಸಕಲೇಶಪುರ ಮತ್ತು ಆಲೂರು ಸೀಮೆಗಳಲ್ಲಿ ಮುಂಗಾರು ಹಿಡಿಯಿತೆಂದರೆ ಚಂದ್ರದರ್ಶನವೇ ಅಪರೂಪ. ಜ್ಯೇಷ್ಠ, ಆಷಾಢ, ಶ್ರಾವಣಗಳ ರಾತ್ರಿಗಳು ಮೋಡದಲ್ಲಿಯೇ ಕಳೆಯುತ್ತವೆ. ಮಳೆ ಬಿಟ್ಟ ಸಂಜೆಯಲ್ಲಿಯೂ ಬಿದಿಗೆಯ ಎಳೆಚಂದ್ರನು ಕಣ್ಣಿಗೆ ಬೀಳುವ ಮುನ್ನವೇ ಪಡುವಣ ಬೆಟ್ಟಸಾಲಿನ ಹಿಂದೆ ಮರೆಯಾಗಿರುತ್ತಾನೆ. ಹೀಗಿದ್ದೂ ಆಷಾಢದ ಭೀಮನ ಅಮಾವಾಸ್ಯೆ, ಶ್ರಾವಣದ ನಾಗರಪಂಚಮಿ, ಭಾದ್ರಪದದ ಚೌತಿ ಇವೆಲ್ಲ ಈ ಮಳೆಗಾಲದಲ್ಲಿಯೇ ಬರುವ ಹಬ್ಬಗಳು. ಕಾಣದ ಚಂದ್ರನ ಕಲೆಯನ್ನು ಈ ನಾಡಿನವರು ತಪ್ಪದೆ ಎಣಿಸಿದುದು ಹೇಗೆ? ಚಾಂದ್ರಮಾನವು ಆಕಾಶವನ್ನು ನೋಡಿ ತಿಂಗಳು ಹಿಡಿಯುವ ಸರಳ ಪದ್ಧತಿಯೆಂಬ ಗ್ರಹಿಕೆಯೊಂದುಂಟು. ಮಲೆನಾಡಿನ ಮಟ್ಟಿಗೆ ಅದು ಸಲ್ಲದು. ಇಲ್ಲಿ ತಿಥಿಯು ಕಣ್ಣಿನ ವಿಷಯವಲ್ಲ, ಗಣಿತದ ವಿಷಯ.

ಒಂದು ಅಮಾವಾಸ್ಯೆಯಿಂದ ಮತ್ತೊಂದು ಅಮಾವಾಸ್ಯೆಗೆ ಸರಾಸರಿ 29 ದಿನ 12 ಗಂಟೆ 44 ನಿಮಿಷಗಳಾಗುತ್ತವೆ. ಸೂರ್ಯನಿಂದ ಚಂದ್ರನು 12 ಅಂಶಗಳಷ್ಟು ಮುಂದೆ ಸರಿಯಲು ತೆಗೆದುಕೊಳ್ಳುವ ಕಾಲವೇ ಒಂದು ತಿಥಿ. ಅಂತಹ 30 ತಿಥಿಗಳು ಕೂಡಿ ಒಂದು ಚಾಂದ್ರಮಾಸ. ಚಂದ್ರನ ನಡೆ ಒಂದೇ ಸಮನಲ್ಲದ ಕಾರಣ ತಿಥಿಯ ಅವಧಿಯು 60 ಘಳಿಗೆಗಳಿಗೆ ಕೆಲವೊಮ್ಮೆ ಕಡಿಮೆಯಾಗಿಯೂ ಕೆಲವೊಮ್ಮೆ ಮೀರಿಯೂ ಇರುತ್ತದೆ. ಸೂರ್ಯೋದಯಕ್ಕೆ ಇರುವ ತಿಥಿಯೇ ಆ ದಿನದ ತಿಥಿ. ಒಂದು ಸೂರ್ಯೋದಯದ ಬಳಿಕ ಹುಟ್ಟಿ ಮರು ಸೂರ್ಯೋದಯದ ಒಳಗೆ ಮುಗಿದುಹೋದುದು ಕ್ಷಯತಿಥಿ. ಇಷ್ಟನ್ನು ಬರಿಗಣ್ಣಿನಿಂದ ನಿರ್ಣಯಿಸುವುದು ನಿರಭ್ರವಾದ ಬಯಲುಸೀಮೆಯಲ್ಲಿಯೂ ಅಸಾಧ್ಯ. ಪೂರ್ಣಿಮೆಯ ಬಳಿಕ ದಿನಕ್ಕೆ ಸುಮಾರು ಎರಡು ಘಳಿಗೆ ತಡವಾಗಿ ಚಂದ್ರೋದಯವಾಗುವುದೆಂಬ ಲೆಕ್ಕವುಂಟಾದರೂ, ಮೂಡಣ ದಿಕ್ಕಿಗೆ ಬೆಟ್ಟವಿರುವ ಕಣಿವೆಯ ಊರಿನಲ್ಲಿ ಅದೂ ಹೊಂದುವುದಿಲ್ಲ. ಆದುದರಿಂದಲೇ ಯುಗಾದಿಯ ದಿನದ ಪಂಚಾಂಗಶ್ರವಣಕ್ಕೆ ಇಂತಹ ಸೀಮೆಯಲ್ಲಿ ವಿಶೇಷವಾದ ಅರ್ಥವಿತ್ತು. ಮಳೆಗಾಲದ ತಿಥಿಗಳನ್ನು ಮಳೆಗೆ ಮೊದಲೇ ಕೇಳಿಕೊಳ್ಳಬೇಕಾಗಿತ್ತು.

ಆದರೆ ಬೇಸಾಯವನ್ನು ತಿಥಿಗೆ ಕಟ್ಟಿಹಾಕಿದವರಲ್ಲ ಇಲ್ಲಿಯ ರೈತರು. ಹನ್ನೆರಡು ಚಾಂದ್ರಮಾಸಗಳಿಗೆ 354 ದಿನಗಳೇ ಆಗುವುದರಿಂದ ವರ್ಷಕ್ಕೆ ಸುಮಾರು 11 ದಿನಗಳ ಕೊರತೆ ಬೀಳುತ್ತದೆ. ಅದನ್ನು ತುಂಬಲು 32-33 ತಿಂಗಳಿಗೊಮ್ಮೆ ಅಧಿಕಮಾಸ ಬರುತ್ತದೆ. ಹೀಗೆ ಜಾರಾಡುವ ತಿಂಗಳನ್ನು ನಂಬಿ ಭತ್ತದ ಸಸಿಮಡಿ ಮಾಡಲಾಗದು. ಅದಕ್ಕಾಗಿ ರೋಹಿಣಿ, ಮೃಗಶಿರಾ, ಆರಿದ್ರಾ, ಪುನರ್ವಸು ಎಂದು ಮಳೆನಕ್ಷತ್ರಗಳ ಎಣಿಕೆ. ಇವು ಸೂರ್ಯನ ನಡೆಯನ್ನು ಅನುಸರಿಸಿದವು, ಒಂದೊಂದಕ್ಕೆ 13-14 ದಿನ. ಹಬ್ಬಕ್ಕೆ ಚಂದ್ರ, ಉಳುಮೆಗೆ ಸೂರ್ಯ. ಘಟ್ಟವಿಳಿದರೆ ತುಳುನಾಡಿನಲ್ಲಿ ತಿಂಗಳುಗಳೂ ಸೌರಮಾನದವೇ ಆಗಿ, ಯುಗಾದಿಗೆ ಬದಲು ಬಿಸುವೇ ವರ್ಷಾರಂಭವಾಗುತ್ತದೆ. ಶಿರಾಡಿ ಮತ್ತು ಬಿಸಿಲೆಯ ಘಾಟಿಗಳು ಎರಡು ಕಾಲಮಾನಗಳ ಗಡಿಯೂ ಹೌದು.

ತಿಥಿಯ ನಿಜವಾದ ಉಪಕಾರವನ್ನು ಕಾಣಬೇಕಾದರೆ ಶಾಸನಗಳ ಕಡೆಗೆ ತಿರುಗಬೇಕು. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದಲ್ಲಿ ಕಾಲದ ಉಲ್ಲೇಖವಿಲ್ಲ. ಅದು ಸುಮಾರು ಕ್ರಿ.ಶ. 450ರದೆಂದು ಲಿಪಿ ಮತ್ತಿತರ ಆಧಾರಗಳಿಂದ ಊಹಿಸಬೇಕಾಗಿದೆ, ವಾದವೂ ನಿಂತಿಲ್ಲ. ಬಾದಾಮಿಯ ಮಂಗಳೇಶನ ಗುಹಾಶಾಸನವಾದರೋ ಶಕ 500ರ ಕಾರ್ತಿಕ ಪೂರ್ಣಿಮೆಯನ್ನು ಹೇಳಿ ಕ್ರಿ.ಶ. 578ಕ್ಕೆ ಗಟ್ಟಿಯಾಗಿ ನಿಲ್ಲುತ್ತದೆ. ಹೊಯ್ಸಳರ ಕಾಲಕ್ಕೆ ಈ ಪದ್ಧತಿ ಇನ್ನೂ ಬಿಗಿಯಾಯಿತು. ವಿಷ್ಣುವರ್ಧನನು ಬೇಲೂರಿನಲ್ಲಿ ವಿಜಯನಾರಾಯಣ ದೇವರನ್ನು ಪ್ರತಿಷ್ಠಿಸಿದ ದಿನವು ಶಕ 1039, ಹೇಮಳಂಬಿ ಸಂವತ್ಸರದ ಚೈತ್ರ ಶುದ್ಧ ಪಂಚಮಿ, ಶನಿವಾರ. ಗಣಿತ ಮಾಡಿದರೆ ಇದು 1117ನೆಯ ಇಸವಿಯ ಮಾರ್ಚಿ 10ಕ್ಕೆ ಸರಿಹೊಂದುತ್ತದೆ. ಆ ದಿನ ಪಂಚಮಿಯೂ ಶನಿವಾರವೂ ಕೂಡಿಯೇ ಬರುತ್ತವೆ. ತಿಥಿ ಮತ್ತು ವಾರ ಪರಸ್ಪರ ಸಾಕ್ಷಿಗಳು. ಸಂವತ್ಸರ ಒಂದು ವರ್ಷ ತಪ್ಪಿದ್ದರೆ, ಅಥವಾ ಶಕವರ್ಷವು ಗತವೋ ವರ್ತಮಾನವೋ ಎಂಬ ಸಂದೇಹ ಬಂದರೆ, ಇವೆರಡರ ಮೇಳದಿಂದಲೇ ನಿರ್ಣಯ. ಹೊಂದಲಾರದ ಕಾಲೋಲ್ಲೇಖವಿರುವ ಶಾಸನವನ್ನು ಕೂಟಶಾಸನವೆಂದು ಶಂಕಿಸಲೂ ಇದೇ ದಾರಿ, ಲಿಪಿಕಾರನ ಕೈತಪ್ಪಿಗೆ ಸ್ವಲ್ಪ ರಿಯಾಯಿತಿ ಕೊಟ್ಟ ಮೇಲೆ! 1902ರಲ್ಲಿ ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಸಂಪುಟವನ್ನು ಪ್ರಕಟಿಸಿದಾಗ ಸಕಲೇಶಪುರದ ಸೀಮೆಯ ಕಲ್ಬರಹಗಳು ಮಂಜರಾಬಾದ್ ತಾಲ್ಲೂಕಿನ ಹೆಸರಿನಲ್ಲಿ ಬೆಳಕು ಕಂಡವು. ಇಂತಹ ಶಾಸನಗಳ ತಿಥಿಗಳನ್ನು ಪರೀಕ್ಷಿಸಲು ಸಿವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರ 1896ರ ಗ್ರಂಥವೂ, ಮುಂದೆ ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆಯವರ ಕೋಷ್ಟಕಗಳೂ ಒದಗಿದವು.

ಮಂಜರಾಬಾದಿನ ನಕ್ಷತ್ರಾಕಾರದ ಕೋಟೆಯನ್ನು ಕಟ್ಟಿಸಿದ ಟಿಪ್ಪುವಿಗೂ ಚಾಂದ್ರಗಣನೆಯ ತೊಡಕು ಎದುರಾಗಿತ್ತು. ಹಿಜರಿ ವರ್ಷದಲ್ಲಿ ಅಧಿಕಮಾಸವಿಲ್ಲ. ಕಂದಾಯವೋ ಫಸಲನ್ನು ಕಾಯುವಂತಹುದು. ಆತನು ಜಾರಿಗೆ ತಂದ ಹೊಸ ಪಂಚಾಂಗವು ಹೆಸರಿನಲ್ಲಿ ಬೇರೆಯಾದರೂ ಅರವತ್ತು ಸಂವತ್ಸರಗಳ ಚಕ್ರವನ್ನೂ ಅಧಿಕಮಾಸವನ್ನೂ ಒಳಗೊಂಡು, ರಚನೆಯಲ್ಲಿ ನಾಡಿನ ಚಾಂದ್ರಮಾನವನ್ನೇ ಹೋಲುತ್ತಿತ್ತು.

ಶರಣರು ತಿಥಿವಾರಗಳನ್ನು ತಿರಸ್ಕರಿಸಿದರೆಂಬ ಮಾತನ್ನು ಇಲ್ಲಿ ವಿವೇಚಿಸಬೇಕು. ಅವರು ಅಲ್ಲಗಳೆದುದು ಕಾಲಕ್ಕೆ ಆರೋಪಿಸಿದ ಶುಭಾಶುಭಗಳನ್ನು. ದಿನ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿ ಶಿವಪೂಜೆ ಮಾಡುವ ಮನೋಭಾವವನ್ನು. ಕಾಲವನ್ನು ಎಣಿಸುವುದು ಬೇರೆ, ಕಾಲಕ್ಕೆ ಅಂಜುವುದು ಬೇರೆ. ಈ ಭೇದವನ್ನು ಮರೆತು ಪಂಚಾಂಗವನ್ನೇ ಮೌಢ್ಯವೆಂದು ಜರೆಯುವುದೂ, ಮುಹೂರ್ತವಿಲ್ಲದೆ ಹೆಜ್ಜೆಯಿಡದಿರುವುದೂ ಶರಣಮಾರ್ಗವಾಗಲಾರದು. 1913ರಲ್ಲಿ ದಾವಣಗೆರೆಯಲ್ಲಿ ಹರ್ಡೇಕರ ಮಂಜಪ್ಪನವರು ಬಸವ ಜಯಂತಿಯ ಸಾರ್ವಜನಿಕ ಆಚರಣೆಯನ್ನು ಆರಂಭಿಸಿದರು; ಆ ಜಯಂತಿಗೆ ಸಂದಿರುವ ದಿನವೂ ಒಂದು ತಿಥಿಯೇ, ವೈಶಾಖ ಶುದ್ಧ ತದಿಗೆ.

ಶಿವರಾತ್ರಿಯ ನಿರ್ಣಯದಲ್ಲಂತೂ ಗಣಿತದ ಸೂಕ್ಷ್ಮವು ಎದ್ದುಕಾಣುತ್ತದೆ. ಅಮಾವಾಸ್ಯೆಗೆ ತಿಂಗಳು ಮುಗಿಯುವ ಕರ್ಣಾಟಕದಲ್ಲಿ ಅದು ಮಾಘ ಬಹುಳ ಚತುರ್ದಶಿ. ಹುಣ್ಣಿಮೆಗೆ ತಿಂಗಳು ಮುಗಿಸುವ ಉತ್ತರದೇಶದಲ್ಲಿ ಅದೇ ರಾತ್ರಿ ಫಾಲ್ಗುಣಕ್ಕೆ ಸೇರುತ್ತದೆ. ಸೂರ್ಯೋದಯದ ತಿಥಿ ಇಲ್ಲಿ ಪ್ರಮಾಣವಲ್ಲ, ನಡುರಾತ್ರಿಗೆ ಚತುರ್ದಶಿ ಇರಬೇಕು. ಆದುದರಿಂದ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ತ್ರಯೋದಶಿಯೆಂದು ಅಚ್ಚಾಗಿರುವ ದಿನವೇ ಎಷ್ಟೋ ವೇಳೆ ಶಿವರಾತ್ರಿ ಬರುವುದುಂಟು. ಆ ಕಾಲಕ್ಕೆ ಮಲೆಸೀಮೆಯ ಆಕಾಶ ತಿಳಿಯಾಗಿರುತ್ತದೆ. ಜಾಗರಣೆ ಮುಗಿಸಿದವರಿಗೆ ಕೆಲವು ವರ್ಷಗಳಲ್ಲಿ, ಬೆಳಗಿನ ಜಾವ ಮೂಡಣ ಗುಡ್ಡದ ಮೇಲೆ, ಸವೆದುಹೋದ ಚಂದ್ರನ ಕೊನೆಯ ಗೆರೆ ಕಾಣಸಿಗುತ್ತದೆ.