ಧ್ಯಾನ ಶಿಬಿರಕ್ಕೆ ಹೋಗುವಾಗ ಮಾತ್ರೆ ಬಿಡಬೇಕೇ?

ನಂಜನಗೂಡು, ತಿ. ನರಸೀಪುರ ಕಡೆ ಬಾಬಾಸಾಹೇಬರ ಹಾದಿಯಲ್ಲಿ ಬೌದ್ಧ ಧಮ್ಮದತ್ತ ಬಂದ ಕುಟುಂಬಗಳಲ್ಲಿ ಧ್ಯಾನ ಶಿಬಿರದ ಮಾತು ಆಗಾಗ ಬರುತ್ತದೆ. ಕೆಲವರು ತಮ್ಮ ಊರಿನವರೊಂದಿಗೆ ಒಂದೆರಡು ದಿನ ಕೂರುತ್ತಾರೆ. ಇನ್ನು ಕೆಲವರು ಬೆಂಗಳೂರಿನ ಹೊರವಲಯದ ಆಲೂರಿನಲ್ಲಿರುವ ಧಮ್ಮ ಪಫುಲ್ಲ ಕೇಂದ್ರದಂಥ ಕಡೆ ಹತ್ತು ದಿನದ ವಿಪಶ್ಯನಕ್ಕೆ ಹೋಗುತ್ತಾರೆ. ಹೊರಡುವ ಮುನ್ನ ಬರುವ ಒಂದು ಸಲಹೆಯನ್ನು ಇಲ್ಲಿ ಪರಿಶೀಲಿಸೋಣ: "ಶುಗರ್, ಬಿಪಿ ಮಾತ್ರೆ ಬಿಟ್ಟು ಹೋಗಿ, ಧ್ಯಾನವೇ ಸರಿಮಾಡುತ್ತದೆ."

ಬಿಡಬಾರದು. ಯಾಕೆ ಎಂಬುದು ಶಿಬಿರದ ದಿನಚರಿ ನೋಡಿದರೆ ತಿಳಿಯುತ್ತದೆ.

ಮ್ಯಾನ್ಮಾರ್‌ನ ಊ ಬಾ ಖಿನ್ ಅವರಿಂದ ಕಲಿತ ಎಸ್.ಎನ್. ಗೋಯೆಂಕಾ 1969ರಲ್ಲಿ ಭಾರತದಲ್ಲಿ ಕಲಿಸಲು ಶುರುಮಾಡಿದ ಕ್ರಮದಲ್ಲಿ ಬೆಳಗಿನ ಜಾವ 4ಕ್ಕೆ ಗಂಟೆ ಬಾರಿಸುತ್ತದೆ. ದಿನಕ್ಕೆ ಸುಮಾರು ಹತ್ತು ಗಂಟೆ ಕೂರಬೇಕು, ಮಾತಿಲ್ಲ, ಮೊಬೈಲ್ ಇಲ್ಲ. ಮಧ್ಯಾಹ್ನದ ಊಟ 11ಕ್ಕೇ ಶುರುವಾಗುತ್ತದೆ. ಹೊಸಬರಿಗೆ ಸಂಜೆ ಹಣ್ಣು, ಟೀ ಅಷ್ಟೆ. ಅಷ್ಟಶೀಲ ಪಾಲಿಸುವ ಶಿಬಿರಗಳಲ್ಲೂ ಮಧ್ಯಾಹ್ನದ ನಂತರ ಊಟವಿಲ್ಲ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಇಲ್ಲಿ ಎರಡು ಕಡೆಯಿಂದಲೂ ತೊಂದರೆ. ಔಷಧಿ ನಿಲ್ಲಿಸಿದರೆ ಸಕ್ಕರೆ ಅಂಶ ಏರುತ್ತದೆ. ಮಾಮೂಲಿನಷ್ಟೇ ತೆಗೆದುಕೊಂಡು ರಾತ್ರಿ ಊಟ ಬಿಟ್ಟರೆ ಅಪಾಯಕಾರಿಯಾಗಿ ಇಳಿಯಬಹುದು. ಬೆವರು, ನಡುಕ, ಎದೆಬಡಿತ, ಗೊಂದಲ ಇದರ ಲಕ್ಷಣಗಳು. ಕಣ್ಣು ಮುಚ್ಚಿ ಮೌನವಾಗಿ ಕೂತವರಲ್ಲಿ ಇದು ಪಕ್ಕದವರ ಗಮನಕ್ಕೂ ಬರದು. ಆದ್ದರಿಂದ ಹೋಗುವ ವಾರಕ್ಕೆ ಮೊದಲೇ ವೈದ್ಯರಿಗೆ ಊಟದ ಸಮಯ ತಿಳಿಸಿ ಪ್ರಮಾಣ ಹೊಂದಿಸಿಕೊಳ್ಳಿ. ರಾತ್ರಿ ಏನಾದರೂ ತಿನ್ನಲೇಬೇಕಿದ್ದರೆ ಆಯೋಜಕರಿಗೆ ಮೊದಲೇ ಹೇಳಿ. ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇರಲಿ.

ಇದರಿಂದ ಶೀಲ ಕೆಡುತ್ತದೆಯೇ? ವಿನಯಪಿಟಕದಲ್ಲೇ ಕಾಯಿಲೆ ಬಿದ್ದ ಭಿಕ್ಷುಗಳಿಗೆ ತುಪ್ಪ, ಬೆಣ್ಣೆ, ಎಣ್ಣೆ, ಜೇನು, ಕಾಕಂಬಿಗಳನ್ನು ಔಷಧಿಯಾಗಿ ಹೊತ್ತಲ್ಲದ ಹೊತ್ತಿನಲ್ಲೂ ಕೊಡಲು ಅನುಮತಿ ಇದೆ. ಬುದ್ಧನ ಕಾಲದ ಸಂಘಕ್ಕೆ ಜೀವಕ ಎಂಬ ವೈದ್ಯನಿದ್ದ. ಮಾತ್ರೆ ಬಿಡಿ ಎನ್ನುವವರು ಯಾವ ಧಮ್ಮದಿಂದ ಹೇಳುತ್ತಾರೋ ನಮಗಂತೂ ತಿಳಿಯದು.

"ನೋವು ಬಂದರೆ ಒಳಗಿನ ಕೊಳೆ ಹೊರಬರುತ್ತಿದೆ"

ಇದು ಇನ್ನೂ ಕೆಟ್ಟ ಸಲಹೆ. ಚಕ್ಕಳಮಕ್ಕಳ ಹಾಕಿ ಕೂತಾಗ ಕಾಲು ಜೋಮು ಹಿಡಿಯುವುದು ಮುಖ್ಯವಾಗಿ ನರದ ಮೇಲೆ ಬೀಳುವ ಒತ್ತಡದಿಂದ. ಎದ್ದು ಓಡಾಡಿದರೆ ಸರಿಹೋಗುತ್ತದೆ. ಮಂಡಿ ನೋವಿದ್ದವರು ಕುರ್ಚಿ ಕೇಳಬಹುದು, ನಾಚಿಕೆ ಬೇಡ. ಆದರೆ ಎದೆ ಹಿಂಡಿದಂತಾಗಿ ನೋವು ತೋಳಿಗೋ ದವಡೆಗೋ ಹರಡಿದರೆ, ಉಸಿರು ಕಟ್ಟಿದರೆ, ಅದನ್ನು ಸಾಕ್ಷಿಯಾಗಿ ನೋಡುತ್ತಾ ಕೂರಬೇಡಿ. ಮೌನ ಮುರಿದು ಹೇಳಿ, 108ಕ್ಕೆ ಕರೆ ಮಾಡಿಸಿ.

ಹಾಗಾದರೆ ಧ್ಯಾನದಿಂದ ಪ್ರಯೋಜನವೇ ಇಲ್ಲವೇ? ಇದೆ. 2014ರಲ್ಲಿ ಜಾಮಾ ಇಂಟರ್ನಲ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ 3,515 ಜನರ ಮೇಲಿನ 47 ಪ್ರಯೋಗಗಳನ್ನು ಒಟ್ಟಿಗೆ ನೋಡಿತು. ಆತಂಕ, ಖಿನ್ನತೆ, ನೋವು ಸ್ವಲ್ಪಮಟ್ಟಿಗೆ ತಗ್ಗುವುದಕ್ಕೆ ಸಾಧಾರಣ ಪುರಾವೆ ಸಿಕ್ಕಿತು. ಔಷಧಿ, ವ್ಯಾಯಾಮದಂಥ ಬೇರೆ ಚಿಕಿತ್ಸೆಗಳಿಗಿಂತ ಧ್ಯಾನ ಮೇಲು ಎನ್ನಲು ಪುರಾವೆ ಸಿಗಲಿಲ್ಲ. 2020ರಲ್ಲಿ ಪ್ರಕಟವಾದ, 83 ಅಧ್ಯಯನಗಳನ್ನು ನೋಡಿದ ಇನ್ನೊಂದು ವಿಶ್ಲೇಷಣೆಯಂತೆ ಧ್ಯಾನ ಮಾಡಿದವರಲ್ಲಿ ಸುಮಾರು ಶೇ. 8 ಮಂದಿಗೆ ಆತಂಕ, ಖಿನ್ನತೆಯಂಥ ಅಹಿತ ಅನುಭವಗಳೂ ಆಗಿದ್ದವು.

ಬೈಪೋಲಾರ್, ಸ್ಕಿಜೋಫ್ರೇನಿಯಾ ಅಥವಾ ಮೂರ್ಛೆರೋಗ ಇರುವವರಿಗೆ ನಿದ್ದೆಗೆಡುವುದೇ ಕಾಯಿಲೆ ಕೆರಳಿಸಬಹುದು. ಅಂಥವರು ಹತ್ತು ದಿನದ ಶಿಬಿರಕ್ಕೆ ತಮ್ಮ ವೈದ್ಯರನ್ನು ಕೇಳದೆ ಹೋಗಬಾರದು. ಗೋಯೆಂಕಾ ಕೇಂದ್ರಗಳೂ ಅರ್ಜಿಯಲ್ಲೇ ಇದನ್ನು ಕೇಳುತ್ತವೆ. ಸೀಟು ಸಿಗದೆಂದು ಮುಚ್ಚಿಡುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಮನೆಗೆ ಬಂದ ಮೇಲೂ ನಿದ್ದೆ ಬಾರದೆ, ಇಲ್ಲದ ದನಿ ಕೇಳಿಸಿದರೆ ಬೇಗನೆ ಮನೋವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ.

ಹಣದ ವಿಷಯ: ಗೋಯೆಂಕಾ ಕೇಂದ್ರಗಳಲ್ಲಿ ಶುಲ್ಕವಿಲ್ಲ, ಮತಾಂತರವೂ ಬೇಕಿಲ್ಲ. ಆದರೆ ಹತ್ತು ದಿನದ ಕೂಲಿ ಹೋಗುತ್ತದೆ, ಅದನ್ನೂ ಲೆಕ್ಕ ಹಾಕಿ.

"ಕಣ್ಣು ಮುಚ್ಚಿ ಕೂರುವುದಕ್ಕೂ ಅಂಬೇಡ್ಕರರಿಗೂ ಏನು ಸಂಬಂಧ?" ಎಂಬ ಪ್ರಶ್ನೆಯೂ ಕೇಳಿಬರುತ್ತದೆ. 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅವರು ಅಷ್ಟಾಂಗ ಮಾರ್ಗದ ಸಮ್ಯಕ್ ಸಮಾಧಿಯನ್ನು ಕೈಬಿಟ್ಟಿಲ್ಲ. ಬರೀ ಏಕಾಗ್ರತೆ ತಾತ್ಕಾಲಿಕ, ಒಳ್ಳೆಯದನ್ನೇ ಯೋಚಿಸುವ ಅಭ್ಯಾಸ ಮನಸ್ಸಿಗೆ ಆಗಬೇಕು ಎಂಬುದು ಅವರ ವಿವರಣೆ. ಆ ಅಭ್ಯಾಸವನ್ನು ಊರಿನ ಒಂದು ದಿನದ ಶಿಬಿರದಲ್ಲೂ ಶುರುಮಾಡಬಹುದು, ಮಾತ್ರೆ ಡಬ್ಬಿ ಪಕ್ಕದಲ್ಲೇ ಇಟ್ಟುಕೊಂಡು.